ಕರುಳಿನ ಜೀವಾಣು ಮತ್ತು ವೃಷಣದ ಕ್ಯಾನ್ಸರ್

ಯುವಕ ಮಂಡಲಿಗಳಲ್ಲಿ ಓದಿ ಚರ್ಚಿಸಲು ಒಂದು ಆರೋಗ್ಯ ಪಾಠ



ಬೆಳೆಗೆ ಬೀಳುವ ರೋಗದ ವಿಚಾರವನ್ನು ನಾವು ಅರಳಿಕಟ್ಟೆಯ ಮೇಲೆ ಕುಳಿತು ಹತ್ತು ಜನರ ಮುಂದೆ ಮಾತನಾಡುತ್ತೇವೆ. ದನಗಳಿಗೆ ಬರುವ ಕಾಲುಬಾಯಿ ಜ್ವರದ ವಿಚಾರವನ್ನೂ ಮಾತನಾಡುತ್ತೇವೆ. ಆದರೆ ಗಂಡಸಿನ ಗುಪ್ತಸ್ಥಾನಕ್ಕೆ ಬರುವ ರೋಗವೊಂದಿದ್ದರೆ ಅದನ್ನು ಹೆಂಡತಿಗೂ ಹೇಳದೆ, ತಂದೆಗೂ ಹೇಳದೆ, ಪಂಚೆಯೊಳಗೆ ಮುಚ್ಚಿಟ್ಟುಕೊಳ್ಳುತ್ತೇವೆ. ಹೀಗೆ ಮುಚ್ಚಿಡುವುದರಿಂದ ಪ್ರಾಣಕ್ಕೆ ಅಪಾಯ ತರುವ ರೋಗಗಳಲ್ಲಿ ವೃಷಣದ ಕ್ಯಾನ್ಸರ್ ಒಂದು. ವೃಷಣವೆಂದರೆ ಹಳ್ಳಿಯ ಮಾತಿನಲ್ಲಿ ಬೀಜ ಅಥವಾ ತರಡು. ಈ ರೋಗವು ನಮ್ಮ ದೇಶದಲ್ಲಿ ವಿರಳವಾದುದೇ ಸರಿ. ಆದರೆ ಬಂದರೆ ಮುದುಕರಿಗಿಂತ ಹೆಚ್ಚಾಗಿ ದುಡಿಯುವ ವಯಸ್ಸಿನ ಹುಡುಗರಿಗೇ ಬರುತ್ತದೆ. ಹೆಚ್ಚಿನ ರೋಗಿಗಳು 15ರಿಂದ 40 ವರ್ಷದೊಳಗಿನವರು. ಸಂತೋಷದ ಸಂಗತಿಯೆಂದರೆ, ಸಕಾಲದಲ್ಲಿ ಆಸ್ಪತ್ರೆಗೆ ಹೋದರೆ ಇಷ್ಟು ಚೆನ್ನಾಗಿ ಗುಣವಾಗುವ ಕ್ಯಾನ್ಸರ್ ಬಹಳ ಕಡಮೆ.

ಇದನ್ನು ಗುಣಪಡಿಸುವ ಔಷಧಿಯು ದೊರೆತದ್ದು ನಮ್ಮ ಕರುಳಿನಲ್ಲಿ ವಾಸಿಸುವ ಒಂದು ಸೂಕ್ಷ್ಮ ಜೀವಿಯ ದೆಸೆಯಿಂದ ಎಂಬುದು ಅನೇಕರಿಗೆ ತಿಳಿಯದು. ಆ ಕಥೆಯನ್ನೂ, ಅದರಿಂದ ನಾವು ಕಲಿಯಬೇಕಾದ ಪಾಠವನ್ನೂ ಈ ಲೇಖನದಲ್ಲಿ ತಿಳಿಯೋಣ.

1. ಕರುಳಿನ ಜೀವಾಣುಗಳು

ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಮೊಸರಾಗುತ್ತದೆ. ನೆಲಗಡಲೆಯ ಗಿಡವನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಹಸು ತಿಂದ ಒಣಹುಲ್ಲು ಅದರ ಹೊಟ್ಟೆಯಲ್ಲಿ ಕೊಳೆತು ಹಾಲಾಗುವುದಕ್ಕೆ ಸಿದ್ಧವಾಗುತ್ತದೆ. ಈ ಮೂರು ಕಡೆಯಲ್ಲಿಯೂ ಕೆಲಸ ಮಾಡುವವರು ಬ್ಯಾಕ್ಟೀರಿಯ ಎಂಬ ಜೀವಾಣುಗಳು. ಕಣ್ಣಿಗೆ ಕಾಣದ ಈ ಕೂಲಿಯಾಳುಗಳು ಮನುಷ್ಯನ ಕರುಳಿನಲ್ಲಿಯೂ ಇದ್ದಾರೆ. ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಜೀವಾಣುಗಳಿವೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿದರೆ ಸುಮಾರು 200 ಗ್ರಾಂ ಆದೀತು.

ಇವು ನಾವು ಅರಗಿಸಲಾರದ ನಾರನ್ನು ಅರಗಿಸುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸಿ ಕೊಡುತ್ತವೆ, ಕೆಟ್ಟ ಜೀವಾಣುಗಳಿಗೆ ನೆಲೆ ದೊರೆಯದಂತೆ ನೋಡಿಕೊಳ್ಳುತ್ತವೆ. ಆದರೆ ಕರುಳಿನ ಬೇಲಿಯನ್ನು ದಾಟಿ ರಕ್ತಕ್ಕೆ ಬಂದರೆ ಇವೇ ಹಗೆಗಳಾಗುತ್ತವೆ. ಬೇಲಿಯೊಳಗಿನ ದನ ಗೊಬ್ಬರ ಕೊಡುತ್ತದೆ, ಬೇಲಿ ಮುರಿದು ಬಂದ ದನ ಪೈರು ಮೇಯುತ್ತದೆ. ಇದೂ ಹಾಗೆಯೇ.

ಈ ಜೀವಾಣುಗಳಲ್ಲಿ ಒಂದರ ಹೆಸರು ಎಷೆರಿಕಿಯ ಕೊಲೈ. ಚಿಕ್ಕದಾಗಿ ಇ. ಕೊಲೈ ಎನ್ನುತ್ತಾರೆ. ಥಿಯೋಡರ್ ಎಷೆರಿಕ್ ಎಂಬ ಮಕ್ಕಳ ವೈದ್ಯರು 1885ರಲ್ಲಿ ಶಿಶುಗಳ ಮಲದಲ್ಲಿ ಇದನ್ನು ಕಂಡು ವಿವರಿಸಿದರು. ಅನುಕೂಲವಾದ ಆಹಾರ ಮತ್ತು ಬಿಸಿ ದೊರೆತರೆ ಇದು ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗಿ ಒಡೆಯುತ್ತದೆ. ಒಂದು ಗಂಟೆಯಲ್ಲಿ ಒಂದು ಎಂಟಾಗುತ್ತದೆ. ಸಾಕುವುದು ಸುಲಭ, ಬೆಳೆಯುವುದು ಬೇಗ. ಆದ್ದರಿಂದ ಪ್ರಯೋಗಶಾಲೆಯವರಿಗೆ ಇದು ಬಹಳ ಪ್ರಿಯವಾದ ಜೀವಿ.

2. ವೃಷಣದ ಕ್ಯಾನ್ಸರ್ ಎಂದರೇನು?

ನಮ್ಮ ದೇಹವು ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುತ್ತಿರುತ್ತವೆ. ಎಷ್ಟು ಬೇಕೋ ಅಷ್ಟೇ ಹುಟ್ಟಬೇಕೆಂಬುದು ದೇಹದ ಕಟ್ಟಳೆ. ಈ ಕಟ್ಟಳೆಯನ್ನು ಮೀರಿ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ, ತಡೆಯಿಲ್ಲದೆ ಬೆಳೆದು ಗಂಟಾದರೆ ಅದು ಕ್ಯಾನ್ಸರ್. ಗದ್ದೆಯಲ್ಲಿ ಕಳೆ ಹಬ್ಬಿದಂತೆ ಅದು ಹುಟ್ಟಿದ ಸ್ಥಳದಲ್ಲಿ ನಿಲ್ಲದೆ ದೂರದ ಅಂಗಗಳಿಗೂ ಹರಡುತ್ತದೆ.

ವೃಷಣದಲ್ಲಿ ಸಂತಾನಕ್ಕೆ ಕಾರಣವಾದ ಬೀಜಕೋಶಗಳಿವೆ. ಇಲ್ಲಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಆ ಕೋಶಗಳಿಂದಲೇ ಹುಟ್ಟುತ್ತವೆ. ಸಾಮಾನ್ಯವಾಗಿ ಒಂದು ಬೀಜದಲ್ಲಿ ಮಾತ್ರ ಗಂಟು ಕಾಣುತ್ತದೆ. ಮೊದಮೊದಲು ನೋವಿರುವುದಿಲ್ಲ. ನೋವಿಲ್ಲದ ಕಾರಣ ಹುಡುಗನು ಅದನ್ನು ಲಕ್ಷ್ಯಕ್ಕೆ ತರುವುದಿಲ್ಲ. ಅಷ್ಟರಲ್ಲಿ ರೋಗವು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ, ಅಲ್ಲಿಂದ ಶ್ವಾಸಕೋಶಕ್ಕೆ ಏರಬಹುದು.

1970ಕ್ಕೆ ಮುಂಚೆ ಹೀಗೆ ಹರಡಿದ ರೋಗಿಗೆ ಉಳಿಗಾಲವಿರಲಿಲ್ಲವೆಂದೇ ಹೇಳಬೇಕು. ಹತ್ತು ಮಂದಿಯಲ್ಲಿ ಒಬ್ಬನು ಬದುಕಿದರೆ ಹೆಚ್ಚು. ಇಂದು ಒಳ್ಳೆಯ ಚಿಕಿತ್ಸೆ ದೊರೆತರೆ, ಹರಡಿದ ರೋಗವಿದ್ದವರಲ್ಲಿಯೂ ಹತ್ತಕ್ಕೆ ಸುಮಾರು ಎಂಟು ಮಂದಿ ಗುಣ ಹೊಂದುತ್ತಾರೆ. ಈ ದೊಡ್ಡ ಬದಲಾವಣೆ ಹೇಗಾಯಿತು?

3. ಜೀವಾಣು ತೋರಿಸಿದ ಔಷಧಿ

ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಇದ್ದರು. ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಚೆಲ್ಲಿದರೆ ಗೆರೆಗೆರೆಯಾಗಿ ನಿಲ್ಲುವುದನ್ನು ಶಾಲೆಯ ಮಕ್ಕಳೂ ನೋಡಿರುತ್ತಾರೆ. ಒಡೆಯುತ್ತಿರುವ ಜೀವಕೋಶದೊಳಗೂ ಅಂಥದೇ ಗೆರೆಗಳು ಕಾಣುವುದನ್ನು ರೋಸೆನ್‌ಬರ್ಗ್ ಗಮನಿಸಿದರು. ಹಾಗಾದರೆ ವಿದ್ಯುತ್ತನ್ನು ಹರಿಸಿದರೆ ಕೋಶ ಒಡೆಯುವ ಕೆಲಸದಲ್ಲಿ ಏನಾದರೂ ವ್ಯತ್ಯಾಸವಾದೀತೇ ಎಂಬ ಪ್ರಶ್ನೆ ಅವರಿಗೆ ಹುಟ್ಟಿತು. ಪರೀಕ್ಷೆಗೆ ಅವರು ಆರಿಸಿಕೊಂಡದ್ದು ಕರುಳಿನ ಇ. ಕೊಲೈ ಜೀವಾಣುವನ್ನು.

ಜೀವಾಣುಗಳಿದ್ದ ದ್ರವದಲ್ಲಿ ಪ್ಲಾಟಿನಂ ಕಡ್ಡಿಗಳನ್ನು ಇಳಿಸಿ ವಿದ್ಯುತ್ತನ್ನು ಹರಿಸಿದರು. ಪ್ಲಾಟಿನಂ ಚಿನ್ನದಂತೆ ಬೆಲೆಬಾಳುವ ಬಿಳಿಯ ಲೋಹ. ಸುಲಭವಾಗಿ ಕರಗದು, ತುಕ್ಕು ಹಿಡಿಯದು ಎಂದು ಅದನ್ನು ಆರಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ವಿಚಿತ್ರವೊಂದು ಕಂಡಿತು. ಜೀವಾಣುಗಳು ಸಾಯಲಿಲ್ಲ, ಬೆಳೆಯುವುದನ್ನೂ ನಿಲ್ಲಿಸಲಿಲ್ಲ. ಆದರೆ ಒಡೆದು ಎರಡಾಗುವುದನ್ನು ನಿಲ್ಲಿಸಿಬಿಟ್ಟವು. ಶ್ಯಾವಿಗೆಯ ಎಳೆಯಂತೆ ಉದ್ದಕ್ಕೆ ಬೆಳೆದವು. ಕೆಲವು ತಮ್ಮ ಸಹಜ ಉದ್ದದ 300 ಪಟ್ಟು ಬೆಳೆದವು.

ಬೇರೊಬ್ಬರಾಗಿದ್ದರೆ ವಿದ್ಯುತ್ತಿನ ಮಹಿಮೆಯೆಂದು ಬರೆದುಕೊಂಡು ಸುಮ್ಮನಾಗಬಹುದಾಗಿತ್ತು. ರೋಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ಒಂದೊಂದೇ ಕಾರಣವನ್ನು ತೆಗೆದು ನೋಡಿದರು. ಆ ದ್ರವದಲ್ಲಿ ಅಮೋನಿಯಂ ಕ್ಲೋರೈಡ್ ಇತ್ತು. ಪಾತ್ರೆಗೆ ಕಲಾಯಿ ಹಾಕುವವರು ಉಪಯೋಗಿಸುವ ನವಸಾಗರವೇ ಅದು. ಕರಗದೆಂದು ನಂಬಿದ್ದ ಪ್ಲಾಟಿನಂ ವಿದ್ಯುತ್ತಿನ ಬಲದಿಂದ ಕಿಂಚಿತ್ ಕರಗಿ, ನವಸಾಗರದೊಂದಿಗೆ ಕೂಡಿ, ಹೊಸ ಲವಣಗಳಾಗಿದ್ದವು. ಜೀವಾಣುಗಳನ್ನು ತಡೆದದ್ದು ಆ ಲವಣವೇ ಹೊರತು ವಿದ್ಯುತ್ತಲ್ಲ. ಈ ಸಂಗತಿಯನ್ನು ಅವರು 1965ರಲ್ಲಿ ಪ್ರಕಟಿಸಿದರು. ಮುಖ್ಯವಾದ ಆ ಲವಣವನ್ನು ಇಟಲಿಯ ರಸಾಯನಶಾಸ್ತ್ರಜ್ಞ ಮಿಕೆಲೆ ಪೆಯ್ರೋನೆ ಸುಮಾರು 120 ವರ್ಷಗಳ ಹಿಂದೆಯೇ ತಯಾರಿಸಿದ್ದರು. ಆದರೆ ಅದು ಔಷಧಿಯೆಂದು ಅಷ್ಟು ಕಾಲವೂ ಯಾರೂ ಅರಿತಿರಲಿಲ್ಲ. ಈಗ ಅದನ್ನು ಸಿಸ್‌ಪ್ಲಾಟಿನ್ ಎಂದು ಕರೆಯುತ್ತಾರೆ.

ಜೀವಾಣು ಒಡೆಯುವುದನ್ನು ಇದು ತಡೆಯುವುದಾದರೆ, ಕಟ್ಟಳೆ ಮೀರಿ ಒಡೆಯುತ್ತಿರುವ ಕ್ಯಾನ್ಸರ್ ಕೋಶವನ್ನೂ ತಡೆಯಬಹುದಲ್ಲವೇ? ಇದೇ ಅವರ ಮುಂದಿನ ತರ್ಕ. ಗಂಟು ಬೆಳೆಸಿದ ಇಲಿಗಳಿಗೆ ಕೊಟ್ಟು ನೋಡಿದರು. ಗಂಟುಗಳು ಕರಗಿದವು. ಆ ಫಲಿತಾಂಶ 1969ರಲ್ಲಿ ಪ್ರಕಟವಾಯಿತು. ಬಳಿಕ 1970ರ ದಶಕದ ಮೊದಲಲ್ಲಿಯೇ ಮನುಷ್ಯರಲ್ಲಿ ಪರೀಕ್ಷೆ ನಡೆಯಿತು.

ಈ ಔಷಧಿಯ ಕೆಲಸ ಹೀಗೆ. ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ಎಳೆಯಿದೆ. ಅದು ಕೋಶದ ಕರಣಪತ್ರವಿದ್ದಂತೆ. ಕೋಶವು ಒಡೆಯುವ ಮುನ್ನ ಈ ಪತ್ರದ ನಕಲು ತೆಗೆಯಬೇಕು. ಸಿಸ್‌ಪ್ಲಾಟಿನ್ ಆ ಎಳೆಗೆ ಅಂಟಿಕೊಂಡು ಅದನ್ನು ಬಗ್ಗಿಸಿಬಿಡುತ್ತದೆ. ನಕಲು ತೆಗೆಯಲಾಗದೆ ಕೋಶವು ಸಾಯುತ್ತದೆ. ವೃಷಣದ ಕ್ಯಾನ್ಸರ್ ಕೋಶಗಳು ಈ ಪೆಟ್ಟಿಗೆ ವಿಶೇಷವಾಗಿ ಬೇಗ ಮಣಿಯುತ್ತವೆ.

4. ಕರುಳು, ಮಣ್ಣು ಮತ್ತು ಹೂದೋಟ

ಒಂದೇ ಔಷಧಿಯಿಂದ ಪೂರ್ಣ ಗುಣ ದೊರೆಯುವುದು ಕಷ್ಟ. 1974ರಲ್ಲಿ ಇಂಡಿಯಾನ ವಿಶ್ವವಿದ್ಯಾನಿಲಯದ ಡಾ. ಲಾರೆನ್ಸ್ ಐನ್‌ಹಾರ್ನ್ ಎಂಬ ತರುಣ ವೈದ್ಯರು ಸಿಸ್‌ಪ್ಲಾಟಿನ್ ಜೊತೆಗೆ ಇನ್ನೆರಡು ಔಷಧಿಗಳನ್ನು ಕೂಡಿಸಿ, ಹರಡಿದ ವೃಷಣ ಕ್ಯಾನ್ಸರಿನ ರೋಗಿಗಳಿಗೆ ಕೊಡಲು ಆರಂಭಿಸಿದರು. ಆ ಎರಡು ಔಷಧಿಗಳ ಮೂಲವನ್ನು ರೈತರು ತಿಳಿಯಬೇಕು.

ಒಂದರ ಹೆಸರು ಬ್ಲಿಯೊಮೈಸಿನ್. ಇದನ್ನು ಜಪಾನಿನ ಹಮಾವೊ ಉಮೆಝಾವ ಮತ್ತು ಸಂಗಡಿಗರು 1960ರ ದಶಕದಲ್ಲಿ ಮಣ್ಣಿನ ಜೀವಾಣುವೊಂದರಿಂದ ಪಡೆದರು. ಇನ್ನೊಂದರ ಹೆಸರು ವಿನ್‌ಬ್ಲಾಸ್ಟಿನ್. ನಮ್ಮ ಹಿತ್ತಲಿನಲ್ಲಿ, ದೇವಸ್ಥಾನದ ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ಕಾಶಿ ಕಣಗಿಲೆ, ಎಂದರೆ ನಿತ್ಯಪುಷ್ಪ, ಇದರ ಮೂಲ. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ಈ ಸಾರವನ್ನು ಬೇರ್ಪಡಿಸಿದರು. ಅವರು ಹುಡುಕಿದ್ದು ಸಿಹಿಮೂತ್ರ ರೋಗಕ್ಕೆ ಮದ್ದು. ದೊರೆತದ್ದು ಕ್ಯಾನ್ಸರಿಗೆ ಮದ್ದು.

ಐನ್‌ಹಾರ್ನ್ ಅವರ ಮೊದಲ ತಂಡದ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಮಂದಿಯ ಗಂಟುಗಳು ಸಂಪೂರ್ಣ ಮಾಯವಾದವು. ಈ ವರದಿ 1977ರಲ್ಲಿ ಹೊರಬಂದಿತು. 1978ರಲ್ಲಿ ಅಮೆರಿಕ ಸರ್ಕಾರವು ಸಿಸ್‌ಪ್ಲಾಟಿನ್‌ಗೆ ಒಪ್ಪಿಗೆ ನೀಡಿತು. 1987ರಲ್ಲಿ ಪ್ರಕಟವಾದ ಒಂದು ಹೋಲಿಕೆಯ ಪರೀಕ್ಷೆಯ ಬಳಿಕ ವಿನ್‌ಬ್ಲಾಸ್ಟಿನ್ ಸ್ಥಾನಕ್ಕೆ ಎಟೊಪೊಸೈಡ್ ಎಂಬ ಔಷಧಿ ಬಂದಿತು. ಅದೂ ಸಸ್ಯಮೂಲದ್ದೇ. ಈಗ ಸಾಮಾನ್ಯವಾಗಿ 21 ದಿನಕ್ಕೊಂದು ಸುತ್ತಿನಂತೆ ಮೂರು ಅಥವಾ ನಾಲ್ಕು ಸುತ್ತು ಔಷಧಿ ಕೊಡುತ್ತಾರೆ. ಸಿಸ್‌ಪ್ಲಾಟಿನ್ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಿಗಳ ಪಟ್ಟಿಯಲ್ಲಿ ಸೇರಿದೆ.

ಇಲ್ಲಿ ಒಂದು ಎಚ್ಚರಿಕೆ. ಹೂವಿನ ಗಿಡದಿಂದ ಔಷಧಿಯಾಯಿತೆಂದು ಯಾರೂ ಕಾಶಿ ಕಣಗಿಲೆಯ ಎಲೆಯನ್ನು ಅರೆದು ಕುಡಿಯಕೂಡದು. ಅದು ವಿಷ. ಆಸ್ಪತ್ರೆಯಲ್ಲಿ ಕೊಡುವುದು ಶುದ್ಧಿಮಾಡಿ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಸಾರ.

5. ಕರುಳಿನ ಜೀವಾಣುವೇ ಈ ರೋಗಕ್ಕೆ ಕಾರಣವೇ?

ಇಷ್ಟನ್ನು ಓದಿದವರು ಈ ಪ್ರಶ್ನೆಯನ್ನು ಕೇಳದಿರರು. ಕರುಳಿನ ಜೀವಾಣುಗಳಲ್ಲಿ ಹೆಚ್ಚುಕಡಮೆಯಾದುದರಿಂದ ವೃಷಣದ ಕ್ಯಾನ್ಸರ್ ಬರುತ್ತದೆಂದು ಸಾಬೀತಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕೆಲವರು ಅಂಕಿಅಂಶಗಳ ಮೂಲಕ ಸಂಬಂಧವನ್ನು ಹುಡುಕುತ್ತಿರುವುದುಂಟು. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಬೆಳ್ಳಕ್ಕಿ ಬಂದಾಗಲೆಲ್ಲ ಗದ್ದೆಯಲ್ಲಿ ನೀರಿರುತ್ತದೆ. ಹಾಗೆಂದು ಬೆಳ್ಳಕ್ಕಿ ನೀರು ತಂದಿತೆನ್ನಲಾದೀತೇ?

ಆದ್ದರಿಂದ ಹೊಟ್ಟೆ ಶುದ್ಧಿ ಮಾಡಿ ಕ್ಯಾನ್ಸರ್ ಗುಣಪಡಿಸುತ್ತೇವೆಂದು ಪುಡಿ, ಕಷಾಯ, ಗುಳಿಗೆ ಮಾರುವವರ ಮಾತಿಗೆ ಮರುಳಾಗಬೇಡಿ. ಮೊಸರು ಮಜ್ಜಿಗೆ ಒಳ್ಳೆಯ ಆಹಾರ. ಅವುಗಳಿಂದ ಬೀಜದ ಗಂಟು ಕರಗುವುದಿಲ್ಲ. ಹೊಲ ಮಾರಿ ಅಂಥವರಿಗೆ ಕೊಟ್ಟ ಹಣಕ್ಕಿಂತಲೂ ಹೆಚ್ಚಿನ ನಷ್ಟವೆಂದರೆ ಕಳೆದುಹೋದ ಮೂರು ನಾಲ್ಕು ತಿಂಗಳು.

6. ಚಿಕಿತ್ಸೆಯ ಕಾಲದಲ್ಲಿ ಕರುಳಿನ ಕಾಳಜಿ

ಕಾರಣವಲ್ಲದಿದ್ದರೂ ಚಿಕಿತ್ಸೆಯ ಕಾಲದಲ್ಲಿ ಕರುಳಿನ ಜೀವಾಣುಗಳಿಗೂ ರೋಗಿಗೂ ದೊಡ್ಡ ಸಂಬಂಧವಿದೆ. ಅದು ಎರಡು ಬಗೆ.

ಮೊದಲನೆಯದು ಉಪಕಾರದ ಬಗೆ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು ಇಲಿಗಳಲ್ಲಿ ಒಂದು ಪರೀಕ್ಷೆ ನಡೆಸಿದ ವರದಿಯನ್ನು ಪ್ರಕಟಿಸಿದರು. ಆಂಟಿಬಯಾಟಿಕ್ ಕೊಟ್ಟು ಕರುಳಿನ ಜೀವಾಣುಗಳನ್ನು ಕೊಂದ ಇಲಿಗಳಲ್ಲಿ ಪ್ಲಾಟಿನಂ ಜಾತಿಯ ಔಷಧಿಗಳು ಎಂದಿನಂತೆ ಕೆಲಸ ಮಾಡಲಿಲ್ಲ. ಕರುಳಿನ ಜೀವಾಣುಗಳಿದ್ದ ಇಲಿಗಳಲ್ಲಿ ಬಿಳಿಯ ರಕ್ತಕಣಗಳು ಔಷಧಿಗೆ ನೆರವಾಗಿದ್ದವು. ಇದು ಬೇರೆ ಜಾತಿಯ ಗಂಟುಗಳಲ್ಲಿ, ಇಲಿಗಳಲ್ಲಿ ನಡೆದ ಪರೀಕ್ಷೆ ಎಂಬುದನ್ನು ಮರೆಯಕೂಡದು. ಆದರೂ ನೆಗಡಿ ಕೆಮ್ಮಿಗೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವ ಅಭ್ಯಾಸವನ್ನು ಬಿಡುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಅಪಾಯದ ಬಗೆ. ಕ್ಯಾನ್ಸರ್ ಔಷಧಿಯು ಕಳೆಯ ಜೊತೆಗೆ ಸ್ವಲ್ಪ ಪೈರನ್ನೂ ಸುಡುತ್ತದೆ. ಕರುಳಿನ ಒಳಪೊರೆ ಹುಣ್ಣಾಗುತ್ತದೆ, ಎಂದರೆ ಬೇಲಿ ಮುರಿಯುತ್ತದೆ. ಅದೇ ಸಮಯಕ್ಕೆ ಕಾವಲುಗಾರರಾದ ಬಿಳಿಯ ರಕ್ತಕಣಗಳು ಕಡಮೆಯಾಗುತ್ತವೆ. ಆಗ ಇ. ಕೊಲೈ ಮುಂತಾದ ಕರುಳಿನ ಜೀವಾಣುಗಳೇ ರಕ್ತಕ್ಕೆ ನುಗ್ಗಬಹುದು. ಆದ್ದರಿಂದ ಔಷಧಿಯ ಸುತ್ತು ನಡೆಯುತ್ತಿರುವಾಗ ಈ ನಿಯಮಗಳನ್ನು ಪಾಲಿಸತಕ್ಕದ್ದು.

(ಅ) ಮನೆಯಲ್ಲಿ ಜ್ವರ ಅಳೆಯುವ ಕಡ್ಡಿ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಕಾಣಿಸಿದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಆಗ ವೈದ್ಯರು ಆಂಟಿಬಯಾಟಿಕ್ ಕೊಟ್ಟರೆ ಅದನ್ನು ತಪ್ಪದೆ ತೆಗೆದುಕೊಳ್ಳಿ. ಅದು ಪ್ರಾಣ ಉಳಿಸುವ ಮದ್ದು.

(ಆ) ಕಾಯಿಸಿ ಆರಿಸಿದ ನೀರು, ಬೇಯಿಸಿದ ಬಿಸಿ ಊಟ ಇರಲಿ. ತೊಳೆಯದ ಹಸಿ ತರಕಾರಿ, ಕಾಯಿಸದ ಹಾಲು, ಸಂತೆಯ ಕತ್ತರಿಸಿಟ್ಟ ಹಣ್ಣು ಬೇಡ.

(ಇ) ಊಟಕ್ಕೆ ಮುಂಚೆ, ಶೌಚದ ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ತಿಪ್ಪೆ ಎತ್ತುವುದು, ಸಗಣಿ ಬಾಚುವುದು ಆ ದಿನಗಳಲ್ಲಿ ಬೇರೆಯವರ ಕೆಲಸವಾಗಲಿ.

(ಈ) ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ ಕೊಡಬಲ್ಲದು. ಆದ್ದರಿಂದಲೇ ಅದರೊಂದಿಗೆ ಬಹಳಷ್ಟು ಲವಣದ ನೀರನ್ನು ರಕ್ತನಾಳಕ್ಕೆ ಹನಿಸುತ್ತಾರೆ. ವಾಂತಿಯಾದರೆ, ಮೂತ್ರ ಕಡಮೆಯಾದರೆ, ಕಿವಿ ಮೊರೆದರೆ ಮುಚ್ಚಿಡದೆ ಹೇಳಬೇಕು.

(ಉ) ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು. ಬೀಡಿ, ಸಿಗರೇಟು ಪೂರ್ತಿ ನಿಲ್ಲಬೇಕು. ಒಣಕೆಮ್ಮು, ಏದುಸಿರು ಬಂದರೆ ತಿಳಿಸಬೇಕು.

(ಊ) ಒಂದೆರಡು ಸುತ್ತಿನಲ್ಲಿ ಗಂಟು ಕರಗಿತೆಂದು ಊರಿಗೆ ಬಂದು ಕುಳಿತುಬಿಡಬಾರದು. ಕಳೆಯ ಬೇರು ಉಳಿದರೆ ಮತ್ತೆ ಚಿಗುರುತ್ತದೆ.

7. ಮಗುವಿನ ಬೀಜ ಇಳಿದಿದೆಯೇ?

ಈ ರೋಗದ ಮುಖ್ಯ ಅಪಾಯ ಸೂಚನೆ ಹುಟ್ಟಿನಲ್ಲಿಯೇ ಕಾಣಿಸಬಹುದು. ಗಂಡುಮಗು ತಾಯಿಯ ಹೊಟ್ಟೆಯಲ್ಲಿರುವಾಗ ಬೀಜಗಳು ಮಗುವಿನ ಉದರದೊಳಗಿರುತ್ತವೆ. ಹುಟ್ಟುವ ಹೊತ್ತಿಗೆ ಕೆಳಗಿನ ಚೀಲಕ್ಕೆ ಇಳಿಯಬೇಕು. ದಿನ ತುಂಬಿ ಹುಟ್ಟಿದ 100 ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಒಂದು ಅಥವಾ ಎರಡೂ ಬೀಜ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವರಲ್ಲಿ ಇದು ಇನ್ನೂ ಹೆಚ್ಚು. ಹಲವರಿಗೆ ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. 6ರಿಂದ 18 ತಿಂಗಳೊಳಗೆ ಚಿಕ್ಕದೊಂದು ಶಸ್ತ್ರಚಿಕಿತ್ಸೆಯಿಂದ ಇಳಿಸಿ ಕೂರಿಸುತ್ತಾರೆ.

ಇಳಿಯದೆ ಉಳಿದ ಬೀಜಕ್ಕೆ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು, ಸಂತಾನಶಕ್ತಿಯೂ ಕುಗ್ಗುತ್ತದೆ. ಸ್ವೀಡನ್ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಯಾದ ಸುಮಾರು 17,000 ಗಂಡಸರ ಲೆಕ್ಕವನ್ನು 2007ರಲ್ಲಿ ಪ್ರಕಟಿಸಿದರು. 13 ವರ್ಷಕ್ಕೆ ಮುಂಚೆ ಚಿಕಿತ್ಸೆಯಾದವರಿಗೆ ಕ್ಯಾನ್ಸರಿನ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತು. 13 ಕಳೆದ ಬಳಿಕ ಆದವರಿಗೆ ಐದು ಪಟ್ಟಿಗೂ ಮೀರಿತ್ತು. ತಡಮಾಡುವುದರ ಬೆಲೆ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹೋರಿಕರುವನ್ನು ಕೊಳ್ಳುವಾಗ ಎರಡು ಬೀಜವೂ ಇಳಿದಿವೆಯೇ ಎಂದು ನೋಡದ ರೈತನಿಲ್ಲ. ತನ್ನ ಮಗನನ್ನು ಮಾತ್ರ ನೋಡುವುದಿಲ್ಲ. ತಾಯಂದಿರೇ, ಮಗುವಿಗೆ ಎಣ್ಣೆಸ್ನಾನ ಮಾಡಿಸುವಾಗ, ಬಿಸಿನೀರಿನಿಂದ ಚೀಲ ಸಡಿಲವಾದಾಗ ನೋಡಿ. ಎರಡು ಬೀಜಗಳು ಕೈಗೆ ಸಿಗಬೇಕು. ಸಂಶಯವಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ದೊಡ್ಡವನಾದ ಮೇಲೆ ಸರಿಹೋಗುತ್ತದೆಂದು ಬಿಡಬೇಡಿ.

8. ಯುವಕರು ತಿಳಿದಿರಬೇಕಾದ ಲಕ್ಷಣಗಳು

ತನ್ನ ಮೈ ತನಗೆ ಗೊತ್ತಿರಬೇಕು. ಬಿಸಿನೀರಿನ ಸ್ನಾನವಾದ ಬಳಿಕ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒಂದೊಂದೇ ಬೀಜವನ್ನು ಮೆಲ್ಲಗೆ ಹೊರಳಿಸಿ ನೋಡಿದರೆ ಯಾವುದು ಸಹಜ, ಯಾವುದು ಹೊಸದು ಎಂಬುದು ತಿಳಿಯುತ್ತದೆ. ಒಂದು ಬೀಜ ಇನ್ನೊಂದಕ್ಕಿಂತ ಸ್ವಲ್ಪ ಕೆಳಗಿರುವುದು ಸಹಜ. ಹಿಂಬದಿಯಲ್ಲಿ ಮೆತ್ತನೆಯ ಹುರಿಯಂಥ ನಾಳ ಸಿಗುವುದೂ ಸಹಜ. ಕೆಳಗಿನವು ಕಂಡರೆ ಎರಡು ವಾರದೊಳಗೆ ವೈದ್ಯರನ್ನು ಕಾಣಬೇಕು:

ಬೀಜದ ಮೇಲೆ ಗಟ್ಟಿಯಾದ ಗಂಟು, ನೋವಿರಲಿ ಇಲ್ಲದಿರಲಿ;
ಒಂದು ಬೀಜ ಹಿಂದಿಗಿಂತ ದಪ್ಪವಾಗಿ ಅಥವಾ ಗಟ್ಟಿಯಾಗಿ ಕಾಣುವುದು;
ಚೀಲದಲ್ಲಿ ಭಾರ, ಕಿಬ್ಬೊಟ್ಟೆಯಲ್ಲಿ ಮಂದವಾದ ನೋವು;
ಕಾರಣವಿಲ್ಲದೆ ಗಂಡಸಿನ ಎದೆ ಊದಿಕೊಳ್ಳುವುದು;
ಇವುಗಳೊಂದಿಗೆ ಬಿಡದ ಬೆನ್ನುನೋವು, ಕೆಮ್ಮು.

ಗಂಟೆಲ್ಲ ಕ್ಯಾನ್ಸರಲ್ಲ. ಚೀಲದಲ್ಲಿ ನೀರು ತುಂಬುವುದು, ಅಂಡವಾಯು, ಸೋಂಕು, ಇವೂ ಊತ ತರುತ್ತವೆ. ಇದನ್ನು ನಿರ್ಣಯಿಸಬೇಕಾದವರು ವೈದ್ಯರು. ಇದ್ದಕ್ಕಿದ್ದಂತೆ ಸಹಿಸಲಾರದ ನೋವು ಬಂದರೆ ಬೀಜ ತಿರುಚಿಕೊಂಡಿರಬಹುದು. ಅದು ಕ್ಯಾನ್ಸರಲ್ಲ, ಆದರೆ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೀಜ ಸಾಯುವ ಭಯವುಂಟು. ಆಗ ಒಂದು ನಿಮಿಷವೂ ತಡಮಾಡಕೂಡದು.

ಗಂಟನ್ನು ಕುಯ್ಯಿಸುವುದು, ಸೂಜಿ ಚುಚ್ಚಿಸುವುದು, ಬರೆ ಹಾಕಿಸುವುದು, ಪಟ್ಟು ಕಟ್ಟುವುದು, ಇವು ಯಾವುವೂ ಕೂಡದು. ಚುಚ್ಚಿದರೆ ರೋಗ ಹೊಸ ದಾರಿ ಹಿಡಿದು ಹರಡಬಹುದು.

9. ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಶಬ್ದತರಂಗದ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ನೋವಿಲ್ಲ. ರಕ್ತವನ್ನು ತೆಗೆದು, ಗಂಟಿನಿಂದ ಹೊರಬರುವ ಕೆಲವು ಗುರುತು ಪದಾರ್ಥಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಕ್ಯಾನ್ಸರೆಂಬ ಸಂಶಯ ಬಲವಾದರೆ ತೊಡೆಯ ಸಂದಿನ ಮೇಲ್ಭಾಗದಲ್ಲಿ ಕುಯ್ದು ಆ ಬೀಜವನ್ನು ತೆಗೆಯುತ್ತಾರೆ. ರೋಗವು ಹರಡಿರದಿದ್ದರೆ ಹಲವರಿಗೆ ಅಷ್ಟೇ ಚಿಕಿತ್ಸೆ. ಬಳಿಕ ಹೇಳಿದ ದಿನಕ್ಕೆ ತಪ್ಪದೆ ಪರೀಕ್ಷೆಗೆ ಹೋಗುತ್ತಿದ್ದರೆ ಸಾಕು. ಹರಡಿದ್ದರೆ ಮೇಲೆ ಹೇಳಿದ ಔಷಧಿಗಳು. ಅಮೆರಿಕದ ಲೆಕ್ಕದಂತೆ ಬೀಜದಲ್ಲಿಯೇ ಇರುವಾಗ ಪತ್ತೆಯಾದರೆ 100ಕ್ಕೆ ಸುಮಾರು 99 ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ದೂರದ ಅಂಗಕ್ಕೆ ಹರಡಿದ ಬಳಿಕ ಪತ್ತೆಯಾದರೆ ಇದು ಸುಮಾರು 73ಕ್ಕೆ ಇಳಿಯುತ್ತದೆ. ನಡುವಿನ ಆ 26 ಮಂದಿಯ ಜೀವ ನಮ್ಮ ನಾಚಿಕೆಯ ಮೇಲೆ ನಿಂತಿದೆಯೆಂದು ತಿಳಿಯಬೇಕು.

ಬೀಜ ತೆಗೆದರೆ ಗಂಡಸುತನ ಹೋಗುತ್ತದೆಂಬ ಭಯದಿಂದ ಕೆಲವರು ಆಸ್ಪತ್ರೆಯಿಂದ ಓಡಿಬರುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಆರೋಗ್ಯವಾದ ಒಂದು ಬೀಜವಿದ್ದರೆ ಸಾಮಾನ್ಯವಾಗಿ ಗಂಡಸುತನಕ್ಕೂ ಸಂತಾನಕ್ಕೂ ಸಾಕು. ನೇಗಿಲು ಹಿಡಿಯುವುದಕ್ಕೂ ಅಡ್ಡಿಯಿಲ್ಲ. ಕ್ಯಾನ್ಸರ್ ಔಷಧಿಯಿಂದ ಕೆಲಕಾಲ ವೀರ್ಯಾಣುಗಳು ಕಡಮೆಯಾಗಬಹುದು, ಕೆಲವರಲ್ಲಿ ಮರಳಿ ಬಾರದಿರಲೂಬಹುದು. ಆದ್ದರಿಂದ ಔಷಧಿ ಆರಂಭಿಸುವ ಮುನ್ನ ವೀರ್ಯವನ್ನು ಶೀತದಲ್ಲಿ ಕಾಪಾಡಿಡುವ ಏರ್ಪಾಡಿನ ಬಗ್ಗೆ ವೈದ್ಯರನ್ನು ಕೇಳಬೇಕು. ಬಿತ್ತನೆ ಬೀಜವನ್ನು ಬರಗಾಲಕ್ಕೆ ತೆಗೆದಿಡುವ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದು ಅಂಟುರೋಗವೂ ಅಲ್ಲ. ಹೆಂಡತಿಗೆ ತಗಲದು, ಒಂದೇ ತಟ್ಟೆಯಲ್ಲಿ ಉಂಡರೂ ತಗಲದು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಕ್ಯಾನ್ಸರಿನ ವಿಶೇಷ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಕಲಬುರಗಿಯಲ್ಲಿಯೂ ಅದರ ಕೇಂದ್ರವಿದೆ. ಹಣವಿಲ್ಲವೆಂದು ಹಿಂಜರಿಯುವ ಕಾರಣವಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಪಡಿತರ ಚೀಟಿ, ಆಧಾರ್ ಚೀಟಿ, ವೈದ್ಯರು ಬರೆದುಕೊಟ್ಟ ಶಿಫಾರಸು ಪತ್ರ, ಈ ಮೂರನ್ನೂ ಜೊತೆಯಲ್ಲಿ ಒಯ್ಯಿರಿ. ಎತ್ತು ಮಾರುವ ಮುನ್ನ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ವಿಚಾರಿಸಿ.

10. ಪಾಠದ ಸಾರ

ಕರುಳಿನ ಒಂದು ಕ್ಷುದ್ರ ಜೀವಾಣು ಪ್ರಯೋಗಶಾಲೆಯಲ್ಲಿ ಉದ್ದಕ್ಕೆ ಬೆಳೆದದ್ದನ್ನು ಒಬ್ಬರು ಕಣ್ಣಿಟ್ಟು ನೋಡಿ, ಕಾರಣ ಕೇಳಿದ ಫಲವಾಗಿ ಲೋಕದಲ್ಲಿ ಸಾವಿರಾರು ಮನೆಗಳ ಮಕ್ಕಳು ಉಳಿದರು. ನೋಡುವುದು, ಕಾರಣ ಕೇಳುವುದು, ತಡಮಾಡದಿರುವುದು, ಈ ಮೂರೂ ಒಳ್ಳೆಯ ರೈತನ ಗುಣಗಳೇ. ಪೈರಿನ ಎಲೆಯ ಮೇಲೆ ಒಂದು ಚುಕ್ಕೆ ಕಂಡರೆ ಮರುದಿನವೇ ಕೃಷಿ ಅಧಿಕಾರಿಯ ಬಳಿಗೆ ಒಯ್ಯುವ ನಾವು, ನಮ್ಮ ಮಕ್ಕಳ ಮೈಮೇಲಿನ ಗಂಟಿಗೂ ಅಷ್ಟೇ ಬೆಲೆ ಕೊಡೋಣ.

ಚರ್ಚೆಗೆ ಪ್ರಶ್ನೆಗಳು

1. ಕರುಳಿನ ಜೀವಾಣುಗಳಿಂದ ನಮಗಾಗುವ ಉಪಕಾರಗಳು ಯಾವುವು? ಅವು ಯಾವಾಗ ಅಪಾಯಕಾರಿಗಳಾಗುತ್ತವೆ?
2. ಜೀವಾಣುಗಳನ್ನು ತಡೆದದ್ದು ವಿದ್ಯುತ್ತಲ್ಲ ಎಂದು ರೋಸೆನ್‌ಬರ್ಗ್ ಹೇಗೆ ಕಂಡುಕೊಂಡರು?
3. ಎರಡು ಸಂಗತಿಗಳು ಒಟ್ಟಿಗೆ ಕಾಣುವುದಕ್ಕೂ ಒಂದು ಇನ್ನೊಂದಕ್ಕೆ ಕಾರಣವಾಗುವುದಕ್ಕೂ ಏನು ವ್ಯತ್ಯಾಸ? ನಿಮ್ಮ ಬೇಸಾಯದಿಂದ ಒಂದು ಉದಾಹರಣೆ ಕೊಡಿ.
4. ನಿಮ್ಮ ಊರಿನಲ್ಲಿ ಒಂದು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಪರೀಕ್ಷಿಸಲು ಆಶಾ ಕಾರ್ಯಕರ್ತೆಗೂ ಮಹಿಳಾ ಸಂಘಕ್ಕೂ ಯುವಕ ಮಂಡಲಿ ಯಾವ ನೆರವು ನೀಡಬಹುದು?
5. ಔಷಧಿಯ ಸುತ್ತಿನಲ್ಲಿರುವ ರೋಗಿಗೆ ರಾತ್ರಿ ಜ್ವರ ಬಂದರೆ, ನಿಮ್ಮ ಊರಿನಿಂದ ಆಸ್ಪತ್ರೆಗೆ ಕರೆದೊಯ್ಯುವ ವಾಹನದ ಏರ್ಪಾಡು ಇದೆಯೇ? ಇಲ್ಲದಿದ್ದರೆ ಅದರ ಹೊಣೆ ಹೊರುವವರು ಯಾರು?